ಮರದ ಬಾತನ್ನು ನಂಬಿದ ಹಕ್ಕಿ

ನನ್ನ ಮರದ ಬಾತಿನ ಪಕ್ಕಕ್ಕೆ ನಿಜವಾದ ಬಾತುಕೋಳಿಯೊಂದು ಬಂದು ಇಳಿಯಿತು. ಎಸ್‌ಟಿಡಿ ಬೂತಿನ ಹಿಂದೆ, ಮುಠಾ ನದಿಯ ದಂಡೆಯಲ್ಲಿ ಮರದ ಬಾತಿಗೆ ಕಟ್ಟಿದ ದಾರ ಹಿಡಿದು ನಾನು ನಿಂತಿದ್ದೆ. ಬೇಟೆಗಾರರು ಹಾರುವ ಬಾತುಗಳನ್ನು ನಂಬಿಸಿ ಇಳಿಸಲು ನೀರಿಗೆ ಬಿಡುತ್ತಿದ್ದ ಇಂಥ ಹಳೆಯ ಮರದ ಬಾತುಗಳನ್ನು ಕೂಡಿಡುವುದು ನನ್ನ ಹುಚ್ಚು. ಹಳೇ ಸಾಮಾನು ಮಾರುವ ಜೂನಾ ಬಜಾರಿನಲ್ಲಿ ಸಿಕ್ಕ ಇದು ಅಸಲಿಯಾದರೆ ವಾಲದೆ ತೇಲಬೇಕು. ಆ ಪರೀಕ್ಷೆಗೆ ಬಂದಿದ್ದೆ.

"ಬಕೀಟಿನ್ಯಾಗ ತೇಲಿಸಿ ನೋಡಿದ್ರ ಆಗ್ತಿದ್ದಿಲ್ಲೇನ್ರಿ?" ಎಂದಳು, ಮೂಗಿಗೆ ಸೆರಗು ಹಿಡಿದಿದ್ದ ಹೆಂಡತಿ.

ನದಿಯೆಂದರೆ ಗಟಾರದ ಕಪ್ಪು ನೀರು, ಮೇಲೆ ನೊರೆ. ಹಕ್ಕಿ ಅದರಲ್ಲೇ ಕೊಕ್ಕು ಅದ್ದಿ ಕುಡಿಯತೊಡಗಿತು. ಮದುವೆಮನೆಯಲ್ಲೂ 'ನೀರು ಕುದಿಸಿದ್ದೇನ್ರಿ?' ಎಂದು ಕೇಳಿ ನಗೆಗೀಡಾಗುವ ನಾನು ಅದನ್ನು ಅಲ್ಲಿಂದ ಓಡಿಸಲು ಕೂಗಿದೆ, ಚಪ್ಪಾಳೆ ತಟ್ಟಿದೆ, ಚಪ್ಪಲಿಯನ್ನೂ ಎಸೆದೆ. ಅದು ಬೆದರಿ ಮರದ ಬಾತಿಗೇ ಇನ್ನಷ್ಟು ಒತ್ತಿಕೊಂಡಿತು. ದಾರ ಎಳೆದರೆ ಹಿಂದೆಯೇ ಈಜಿ ಬಂತು. ಕೊನೆಗೆ ಮರದ ಬಾತನ್ನು ಎತ್ತಿ ಚೀಲಕ್ಕೆ ಹಾಕಿ, "ಇನ್ನ ಹಾರಿ ಹೋಗತದ ಬಿಡು" ಅಂದೆ.

"ಎಲ್ಲಿ ಹಾರತದ್ರಿ? ಅದನ್ನ ಹುಡುಕ್ಲಿಕ್ಕೆ ಹತ್ತೇದ ನೋಡ್ರಿ."

ನಾವು ದಂಡೆ ಹತ್ತುವಾಗಲೂ ಹಕ್ಕಿ ಆ ನೊರೆಯಲ್ಲೇ ಸುತ್ತುತ್ತಿತ್ತು.

ನನ್ನ ಸಂಗ್ರಹದಲ್ಲಿ ಅಸಲಿ ಎಂದು ಖಾತ್ರಿಯಾದದ್ದು ಆ ಮರದ ಬಾತೊಂದೇ. ಕಪಾಟಿನ ಬಾಗಿಲು ತೆರೆದಾಗ ನನಗೆ ನೋಡಲಾಗದಿರುವುದೂ ಅದನ್ನೇ.