ಅಕ್ಕನ ಹಾಲು, ಡೇರಿಯ ಕಲ್ಲು

ಸೋಲೂರಿನ ಆಚೆಗಿರುವ ನಮ್ಮೂರಿನ ಡೇರಿಯವರು ಅಕ್ಕನ ಹಾಲನ್ನು ವಾಪಸ್ ಕಳಿಸಿದರೆಂದು ಭಾವ ಫೋನ್ ಮಾಡಿದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಥೈರಾಯ್ಡ್ ಕ್ಯಾನ್ಸರಿನ ಆಪರೇಷನ್ ಆದಮೇಲೆ ಅವಳಿಗೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟಿದ್ದರು. ಡಾಕ್ಟರು ಹೇಳಿದಷ್ಟು ದಿನ ಬೇರೆ ಕೋಣೆ, ಬೇರೆ ತಟ್ಟೆ. ಅದೂ ಮುಗಿದು ಎರಡು ತಿಂಗಳಾಗಿತ್ತು. ಹಸು ಕರೆಯಬಹುದು ಎಂದು ಡಾಕ್ಟರೇ ಹೇಳಿದ್ದರು.

ಅಂಥ ಅಯೋಡಿನ್ ನನಗೆ ಹೊಸದಲ್ಲ. ಓದು ಮುಗಿಸಿದ ಹೊಸದರಲ್ಲಿ ಅದನ್ನು ಬೇರ್ಪಡಿಸುವ ಪ್ರಯೋಗಾಲಯದಲ್ಲಿದ್ದೆ. ರಿಯಾಕ್ಟರಿನಲ್ಲಿ ಯುರೇನಿಯಂ ಒಡೆದಾಗ ಹತ್ತಾರು ಮೂಲವಸ್ತುಗಳ ಬೆರಕೆ ಹುಟ್ಟುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಕಾಯಿಸಿ, ಆವಿಯಾಗಿ ಏಳುವ ಅಯೋಡಿನ್ನನ್ನು ಮಾತ್ರ ಕ್ಷಾರದ ನೀರಿನಲ್ಲಿ ಹಿಡಿಯುತ್ತಿದ್ದೆವು. ಎಲ್ಲವೂ ಸೀಸದ ಗಾಜಿನಾಚೆ, ಯಂತ್ರದ ಕೈಗಳಿಂದ. ಆಮೇಲೆ ಬೇರೇನೂ ಸೇರಿಲ್ಲ ತಾನೆ ಎಂದು ಪರೀಕ್ಷೆ. ಆ ಪರೀಕ್ಷೆ ನಾನೇ ಮಾಡುತ್ತಿದ್ದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಮಾಡುತ್ತಿದ್ದೆನೋ, ಜೊತೆಯವನು ಮಾಡುವುದನ್ನು ನೋಡುತ್ತ ನಿಂತಿರುತ್ತಿದ್ದೆನೋ, ಈಗ ಆಣೆ ಮಾಡಿ ಹೇಳಲಾರೆ. ನನ್ನ ನೆನಪನ್ನು ನಾನೇ ನಂಬದಿರುವಾಗ ಊರು ಯಾಕೆ ನಂಬಬೇಕು? ನಾನು ಪಾಠ ಮಾಡುವ ಕಾಲೇಜಿನಿಂದ ವಿಕಿರಣ ಅಳೆಯುವ ಮೀಟರ್ ಕೇಳಿ ತಂದೆ.

ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದ ಅಕ್ಕನ ಜೊತೆ ಹೋದಾಗ ಡೇರಿಯ ಕಲ್ಲುಜಗಲಿಯ ಮೇಲೆ ಕಾರ್ಯದರ್ಶಿ ಕೂತಿದ್ದ. ಸ್ಕೂಲಿನಲ್ಲಿ ನನ್ನ ಜೊತೆಯವನು.

"ಏನ್ಲಾ, ಬಾಂಬ್ ಸಾಮಾನ್ ನುಂಗ್ಸವ್ರಂತೆ ನಿಮ್ಮಕ್ಕಂಗೆ? ಆ ಒಂದ್ ಕ್ಯಾನ್ ಸೇರುದ್ರೆ ಊರ್ ಹಾಲೆಲ್ಲಾ ಕೆಟ್ಟೋಯ್ತದೆ."

"ಔಸ್ದಿ ಕಣ್ಲಾ ಅದು. ಬಾಯ್ಮಾತು ಬ್ಯಾಡ, ಅಳ್ದು ನೋಡಾನ ಬಾ."

ಬೇರ್ಪಡಿಸುವ ಕೆಲಸ ನನಗೂ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಅಳೆಯದೆ ಯಾವುದನ್ನೂ ಆಚೆ ಇಟ್ಟವರಲ್ಲ ನಾವು.

ಹಾಲಿಗೆ ಮೀಟರ್ ಹಿಡಿದೆ. ಎಲ್ಲೋ ಒಂದೊಂದು ಟಿಕ್. ಅಕ್ಕನ ಕತ್ತಿಗೆ ಹಿಡಿದೆ, ಅಷ್ಟೇ. ಖಾಲಿ ರಸ್ತೆಯಲ್ಲೂ ಅಷ್ಟೇ.

"ಮಿಷನ್ ಕೆಟ್ಟೈತೆ ಬುಡು," ಎಂದ ಕಾರ್ಯದರ್ಶಿ.

ಅವನು ಕೂತಿದ್ದ ಜಗಲಿಗೆ ಮೀಟರ್ ತಗುಲಿಸಿದೆ. ಟಿಕ್‌ಟಿಕ್ ದಟ್ಟವಾಯಿತು. ಸಾವನದುರ್ಗದ ಕಡೆಯ ಗ್ರಾನೈಟ್ ಕಲ್ಲು. ಅವನು ಚಂಗನೆ ಎದ್ದ.

ಇಂಥ ಕಲ್ಲಿನಲ್ಲಿ ಅಷ್ಟು ವಿಕಿರಣ ಇದ್ದೇ ಇರುತ್ತದೆ, ಹೆದರಬೇಡ ಎಂದು ನಾನು ಹೇಳುವ ಮುಂಚೆಯೇ ಅಕ್ಕ ಬಾಯಿ ಬಿಟ್ಟಳು.

"ಯಾಕ್ಲಾ ಎದ್ಬುಟ್ಟೆ? ಕೂತ್ಕೊ. ನಿಮ್ಮಪ್ಪ ಸಾಯೋಗಂಟ ಅಲ್ಲೇ ಕೂತಿದ್ದ, ಏನೂ ಆಗ್ನಿಲ್ಲ. ಈ ಕಲ್ಗಿಂತ ಕಡೆ ಆಗೋದ್ನಾ ನಾನು?"

ಹಾಲು ಹಾಕಲು ನಿಂತವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ತನ್ನ ಕ್ಯಾನ್ ಎತ್ತಿಕೊಂಡಳು. ಮುಚ್ಚಳ ತೆಗೆದು, ಊರಿನ ಹಾಲಿದ್ದ ದೊಡ್ಡ ಕ್ಯಾನಿಗೆ ತನ್ನದನ್ನು ಪೂರ್ತಿ ಸುರಿದಳು.