ಎರಡೂ ತುದಿಗೆ ಬೆಳೆಯುವ ಲಾಡಿ

ಚಿದ್ರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಂಗಳವಾರ ಮಧ್ಯಾಹ್ನ ಐದು ಹೆಂಗಸರು ಲಾಡಿ ಹೆಣೆಯಲು ಕೂಡುತ್ತೇವೆ. ಪೈಜಾಮಕ್ಕೆ, ಪರಕಾರಕ್ಕೆ ಹಾಕಿ ಬಿಗಿಯುವ ಲಾಡಿ. ಒಬ್ಬಳು ಔರಾದದಿಂದ ಬರುತ್ತಾಳೆ. ಅವಳ ಬಸ್ಸು ತಪ್ಪಿದರೆ ಅವತ್ತಿನ ಕೆಲಸ ನಿಂತಂತೆ. ಎಲೆಯ ನಮೂನೆ ಇಪ್ಪತ್ತು ಸಾಲಿನದು, ಒಬ್ಬೊಬ್ಬರ ಬಾಯಲ್ಲಿ ನಾಲ್ಕೇ ಸಾಲು. ಕಲಿಯಲು ಬರುವ ಹುಡುಗಿಯರು, “ಬರ್ದಿಟ್ರ ಆಗಂಗಿಲ್ಲೇನ್ರಿ ಆಯಿ?” ಎಂದು ಕೇಳುತ್ತಾರೆ. ಬರೆದಿಟ್ಟರೆ ಒಬ್ಬೊಬ್ಬಳೂ ತನ್ನ ಮನೆಯಲ್ಲೇ ಕೂತು ಹೆಣೆಯುತ್ತಾಳೆ. ಅದು ನನಗೆ ಬೇಡ. ಈ ಪದ್ಧತಿ ಹೇಗೆ ಬಂತು ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಭಾಲ್ಕಿಯಲ್ಲಿ ನಮ್ಮ ಓಣಿಯ ಕೊನೆಗೆ ಒಬ್ಬ ಮುಸಲ್ಮಾನ ಹೆಂಗಸು ಇದ್ದಳು. ಗಂಡ ಸತ್ತಿದ್ದ, ಒಬ್ಬಳೇ ಮಗಳು. ಓಣಿಗೆಲ್ಲ ಅವಳು ಖಾಲಾ. ಊಟ ಮುಗಿದ ಮೇಲೆ ನಾಲ್ಕೈದು ಹೆಂಗಸರು ಅವಳ ಅಂಗಳದಲ್ಲಿ ಸೇರುತ್ತಿದ್ದರು. ನಮ್ಮ ಚಿಗವ್ವ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ನಾನು ಹನ್ನೆರಡರವಳು. ಆಗಿನ್ನೂ ನಿಜಾಮನ ರಾಜ್ಯ.

ಖಾಲಾ ಹೊರಸನ್ನು, ಅಂದರೆ ಹಗ್ಗದ ಮಂಚವನ್ನು, ಗೋಡೆಗೆ ನಿಲ್ಲಿಸಿ ಮೇಲಿನ ಕಟ್ಟಿಗೆಯಿಂದ ಕೆಳಗಿನ ಕಟ್ಟಿಗೆಗೆ ನೂಲು ಬಿಗಿದಿದ್ದಳು. ಸೂಜಿ ಇಲ್ಲ, ಮಗ್ಗ ಇಲ್ಲ. ಮೇಲಿನ ತುದಿಯಲ್ಲಿ ಬೆರಳಿನಿಂದ ಎಳೆ ದಾಟಿಸುತ್ತಿದ್ದಳು, ಕಡ್ಡಿ ತೂರಿಸುತ್ತಿದ್ದಳು. ಮೇಲೆ ಒಂದು ಎಲೆ ಮೂಡಿತು. ಕೆಳಗೆ ನೋಡಿದೆ. ಯಾರೂ ಮುಟ್ಟದ ಕೆಳಗಿನ ತುದಿಯಲ್ಲೂ ಅದೇ ಎಲೆ ಮೂಡಿತ್ತು. ಎದ್ದು ಹೊರಸಿನ ಹಿಂದೆ ಹೋಗಿ ಯಾರಿದ್ದಾರೆಂದು ಹುಡುಕಿದೆ.

“ಏನ್ ಹುಡಕತಿ ಬೇಟಿ? ಕೆಳಗ ಆ ಮ್ಯಾಲಿನ ಮಾಲಿಕ ಹೆಣೀತಾನ,” ಅಂದಳು ಖಾಲಾ.

“ಹಂಗಾದ್ರ ನಮ್ಮ ಮನಿ ಭಾಂಡೆನೂ ತಿಕ್ಕಂತ ಹೇಳ್ರಿ ಖಾಲಾ,” ಅಂದಳು ಚಿಗವ್ವ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎಳೆಗಳು ಎರಡೂ ಕಡೆ ಬಿಗಿದಿರುವುದರಿಂದ ಮೇಲೆ ಹಾಕಿದ ತಿರುವು ಕೆಳಗೂ ಬೀಳುತ್ತದೆ, ಅಷ್ಟೇ. ಇದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ಬೆರಗು ಹೋಗಲಿಲ್ಲ.

ಖಾಲಾ ನಮಗೆ ಬಲೆಯಂಥ ಸಾದಾ ಜಾಳಿಗೆ ಕಲಿಸಿದಳು. ಎಲೆ ಕೇಳಿದರೆ, “ಕೈ ಕೂಡ್ಲಿ, ಆಮ್ಯಾಲ,” ಅನ್ನುತ್ತಿದ್ದಳು. ಎಲೆ ಅವಳೊಬ್ಬಳಿಗೇ ಬರುತ್ತಿತ್ತು. ಅವಳಿಗೆ ಕಲಿಸಿದ ಅಜ್ಜಿ ಎಂದೋ ಸತ್ತಿದ್ದಳು.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು. ಅದಕ್ಕೆ ಮೊದಲು ರಜಾಕಾರರಿಗೆ ಅಂಜಿ ನಮ್ಮ ಮಂದಿ ಊರು ಬಿಟ್ಟು ಓಡಿದ್ದರು. ಈಗ ಅವರ ಮಂದಿ ಓಡಿದರು. ನಾನು ಎರಡನ್ನೂ ನೋಡಿದ್ದೇನೆ. ಎರಡು ಸಲವೂ ಓಡಿದವರು ಒಲೆಯ ಮೇಲೆ ಅನ್ನ ಬಿಟ್ಟು ಓಡಿದರು.

ಖಾಲಾ ಮಗಳನ್ನು ಕರೆದುಕೊಂಡು ಹೈದರಾಬಾದಿನ ತಮ್ಮನ ಮನೆಗೆ ಹೊರಟಳು. ಹೋಗುವಾಗ ಎಲೆಯ ಲಾಡಿಯನ್ನು ಚಿಗವ್ವನ ಕೈಯಲ್ಲಿಟ್ಟಳು.

“ಮಗಳ ಶಾದಿಗಿ ಹೆಣದದ್ದು. ರಸ್ತೇದಾಗ ಹೋದೀತು. ಇಟ್ಕೋ, ಬಂದು ಒಯ್ತೀನಿ.”

ಎರಡು ಮಳೆಗಾಲ ಹೋದವು. ಖಾಲಾ ಬರಲಿಲ್ಲ, ಸುದ್ದಿಯೂ ಇಲ್ಲ. ನಾವು ಚಿಗವ್ವನ ಅಂಗಳದಲ್ಲಿ ಕೂತು ಜಾಳಿಗೆ ಹೆಣೆಯುತ್ತಿದ್ದೆವು. ಚಿಗವ್ವ, ನಾನು, ಬಳೆಗಾರತಿ, ಹಲಬರ್ಗಾದಿಂದ ಬಂದ ಒಬ್ಬ ಸೊಸೆ, ಮತ್ತೆ ದರ್ಜಿಯ ಹೆಂಡತಿ. ದರ್ಜಿಯವರೂ ಮುಸಲ್ಮಾನರೇ. ಊರು ಬಿಡದೆ ಉಳಿದವರು.

ಒಂದು ದಿನ ಬಳೆಗಾರತಿ ಅಂದಳು, “ಅಕ್ಕಾ, ಆ ಎಲಿ ಲಾಡಿ ತಗಿ. ಬಿಚ್ಚಿ ನೋಡಮು. ಬಿಚ್ಚಲಾರ್ದೆ ತಿಳಿಯಂಗಿಲ್ಲ.”

“ಮಂದಿ ಇಟ್ಟದ್ದು ಬಿಚ್ಚಾಕ ನಾ ಏನ್ ಕಳ್ಳಿನಾ?” ಅಂದಳು ಚಿಗವ್ವ.

ದರ್ಜಿಯ ಹೆಂಡತಿ ತಲೆ ಎತ್ತಲಿಲ್ಲ. “ಖಾಲಾ ಬರ್ಲಿಲ್ಲಂದ್ರ? ಟ್ರಂಕಿನ್ಯಾಗಿಟ್ಟು ಊದಬತ್ತಿ ಹಚ್ಚತೀಯೇನು? ಎಲಿ ಹ್ಯಾಂಗ ಹೆಣೀತಾರ ಅಂತ ಯಾರಿಗಿ ಕೇಳ್ತಿ ಆಗ?”

ಚಿಗವ್ವ ಎದ್ದು ಒಳಗೆ ಹೋದಳು. ಮರುದಿನ ತಾನೇ ಲಾಡಿ ತಂದು, ನಟ್ಟನಡುವೆ ಕತ್ತರಿ ಇಟ್ಟು ಕತ್ತರಿಸಿದಳು. ಎರಡೂ ಅರ್ಧದಲ್ಲಿ ಒಂದೇ ನಮೂನೆ ಇತ್ತಲ್ಲ. ಒಂದು ಅರ್ಧ ಟ್ರಂಕಿಗೆ ಹೋಯಿತು. ಇನ್ನೊಂದನ್ನು ಬಿಚ್ಚಲು ಕೂತೆವು.

ಆಗ ನಮ್ಮಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ, ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ. ಇಪ್ಪತ್ತು ಸಾಲು ಒಂದು ತಲೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಾಲ್ಕು ನಾಲ್ಕು ಹಂಚಿಕೊಂಡೆವು. ಚಿಗವ್ವ ಒಂದು ಸಾಲು ಬಿಚ್ಚುವಳು, ಸಾಲಿನವಳು ಗಟ್ಟಿಯಾಗಿ ಹೇಳುವಳು: ಎರಡು ಬಿಡು, ಒಂದು ದಾಟು, ಮೂರು ಬಿಡು. ಅವಳದು ಮುಗಿದರೆ ಮುಂದಿನವಳು. ಬಾಯಿಪಾಠ ಆಗುವವರೆಗೆ ಎಲೆಯ ಮೇಲೆ ಎಲೆ ಬಿಚ್ಚಿದೆವು. ಕೊನೆಗೆ ಅರ್ಧ ಲಾಡಿ ಹೋಗಿ ಬರೀ ನೂಲಿನ ಗುಪ್ಪೆ ಉಳಿಯಿತು.

ಹೊರಸು ನಿಲ್ಲಿಸಿ ಹೆಣೆದೆವು. ಎಲೆ ಬಂತು! ಹಲಬರ್ಗಾದ ಸೊಸೆ ಚಪ್ಪಾಳೆ ಹೊಡೆದಳು. ಚಿಗವ್ವ ಟ್ರಂಕಿನ ಅರ್ಧ ತಂದು ಪಕ್ಕಕ್ಕೆ ಹಿಡಿದಳು. ಖಾಲಾನ ಎಲೆಗಳ ತುದಿ ಲಾಡಿಯ ಕೊನೆಗೆ ಕಟ್ಟಿದ ಗೊಂಡೆಯ ಕಡೆಗಿತ್ತು. ನಮ್ಮವು ಗೊಂಡೆಗೆ ಬೆನ್ನು ಹಾಕಿ ನಿಂತಿದ್ದವು.

ಬಿಚ್ಚುವಾಗ ಕೊನೆಯ ಸಾಲು ಮೊದಲು ಬರುತ್ತದೆ. ನಾವು ಅದೇ ಕ್ರಮದಲ್ಲಿ ಪಾಠ ಮಾಡಿದ್ದೆವು, ಅದೇ ಕ್ರಮದಲ್ಲಿ ಹೆಣೆದೆವು. ಬಿಚ್ಚಿದ್ದನ್ನೇ ಹೆಣಿಗೆ ಅಂದುಕೊಂಡಿದ್ದೆವು. ಐದು ಹೆಂಗಸರಲ್ಲಿ ಒಬ್ಬಳಿಗೂ ಇದು ಹೊಳೆದಿರಲಿಲ್ಲ.

“ಉಲ್ಟಾ ಹೇಳ್ಬೇಕು,” ಅಂದಳು ದರ್ಜಿಯ ಹೆಂಡತಿ.

ಹೇಳಿ ನೋಡಿ, ಗೊತ್ತಾಗುತ್ತದೆ. ನಾಲ್ಕನೆಯ ಸಾಲು ಬೇಕೆಂದರೆ ಬಾಯಿ ಒಂದರಿಂದಲೇ ಶುರುಮಾಡುತ್ತದೆ. ಹಲಬರ್ಗಾದ ಸೊಸೆ ರೊಟ್ಟಿ ಬಡಿಯುತ್ತ ಉಲ್ಟಾ ಒದರುತ್ತಿದ್ದಳಂತೆ. ಅವಳ ಅತ್ತೆ ದೆವ್ವ ಹೊಕ್ಕಿದೆ ಎಂದು ನಿಂಬೆಹಣ್ಣು ಇಳಿಸಿದಳು. ಒಂದು ತಿಂಗಳು ಹಿಡಿಯಿತು. ಆಮೇಲೆ ಕೊನೆಯವಳು ಮೊದಲು ಹೇಳಿದಳು, ಮೊದಲಿನವಳು ಕೊನೆಗೆ ಹೇಳಿದಳು. ಎಲೆ ಗೊಂಡೆಯ ಕಡೆಗೆ ತಿರುಗಿತು. ಕೆಳಗಿನ ತುದಿಯಲ್ಲೂ ತಿರುಗಿತು. ಸತ್ತವಳೊಬ್ಬಳು ಖಾಲಾಗೆ ಕೊಟ್ಟದ್ದು, ಖಾಲಾ ಕೊಡದೆ ಹೋದದ್ದು, ನಮ್ಮ ಕಣ್ಣೆದುರು ಬಂದು ನಿಂತಿತ್ತು.

ಆ ಚಳಿಗಾಲ ಖಾಲಾ ರೈಲಿನಿಂದ ಇಳಿದು ಸೀದಾ ನಮ್ಮ ಮನೆಗೆ ಬಂದಳು. ಮಗಳ ಮದುವೆ ಗೊತ್ತಾಗಿತ್ತು.

“ನನ್ನ ಲಾಡಿ ಕೊಡು.”

ಚಿಗವ್ವ ಕತ್ತರಿಸಿದ ಅರ್ಧ, ನಾವು ಹೆಣೆದ ಪೂರ್ತಿ ಲಾಡಿ, ಹಾಗೆಯೇ ಬಿಟ್ಟಿದ್ದ ತಲೆಕೆಳಗಾದ ತುಂಡು, ಮೂರನ್ನೂ ತಂದಿಟ್ಟಳು. “ಬಿಚ್ಚೀನ್ರಿ ಖಾಲಾ. ತಪ್ಪಾಗೇದ,” ಅಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಖಾಲಾ ಕತ್ತರಿಸಿದ ಅರ್ಧವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ ಲಾಡಿಯನ್ನು ಗೊಂಡೆಯಿಂದ ಗೊಂಡೆಗೆ ಬೆರಳಲ್ಲಿ ಎಳೆದಳು.

“ಯಾರ ಕೈ?”

“ಐದು ಮಂದಿದ್ದುರಿ.”

ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ತಲೆಕೆಳಗಾದ ತುಂಡು ಎತ್ತಿ ಬೆಳಕಿಗೆ ಹಿಡಿದಳು, ಆ ಕಡೆ ಈ ಕಡೆ ತಿರುವಿದಳು. ಅವಳ ಬೆರಳು ಸಾಲಿನ ಮೇಲೆ ಹೋಗುತ್ತ ನಡುವೆ ನಿಂತುಬಿಟ್ಟಿತು.

“ಇದು ನನಗ ಬರಂಗಿಲ್ಲಲ್ಲ. ಮೊದಲನೇ ಸಾಲು ಯಾರದು?”

ನನ್ನದು. ಚಿಗವ್ವ ನನ್ನ ಬೆನ್ನಿಗೆ ಗುದ್ದಿದಳು. ನಾನು ಖಾಲಾನ ಎದುರು ಕೂತು ಹೇಳಲು ಶುರುಮಾಡಿದೆ.