ಇದ್ದರೆ ಒಳ್ಳೆಯದು ಎಂಬ ಪಟ್ಟಿ

ಸರೋವರದ ದಡದ ಗಿಮ್ಲಿ ಊರಿನ ನಮ್ಮ ಮೀನುಗಾರಿಕೆ ಕಚೇರಿಯಲ್ಲಿ ಸಿಗ್ರುನ್ ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನವಳು. ಬಲೆಗೆ ಬಿದ್ದ ಮೀನಿನ ಲೆಕ್ಕದಿಂದ ಸರೋವರದಲ್ಲಿ ಎಷ್ಟು ಮೀನಿದೆಯೆಂದು ಅಂದಾಜು ಮಾಡುವ ಕಂಪ್ಯೂಟರ್ ಪ್ಯಾಕೇಜು ಬರೆದವಳು ಅವಳೇ, ಸಂಬಳವಿಲ್ಲದೆ, ಭಾನುವಾರಗಳಲ್ಲಿ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಇಳಿಸಿಕೊಂಡವರು ಅವಳನ್ನು ಬೈದದ್ದು ಕಂಡಿದ್ದೇನೆ, ಹೊಗಳಿದ್ದು ಕಂಡಿಲ್ಲ.

ಮಾರ್ಚಿನಲ್ಲಿ, ಇಂಥ ಪ್ಯಾಕೇಜುಗಳನ್ನು ಪರೀಕ್ಷಿಸಿ ಅಂತರ್ಜಾಲದಲ್ಲಿ ಹಂಚುವ ಭಂಡಾರದವರಿಂದ ಪತ್ರ ಬಂತು. ಅವಳದಕ್ಕೆ ಒಂದು ಲೆಕ್ಕ ಮಾಡಿಕೊಟ್ಟು ನೆರವಾಗುತ್ತಿದ್ದ, ಬೇರೊಬ್ಬರು ಬರೆದ ಇನ್ನೊಂದು ಪ್ಯಾಕೇಜನ್ನು ಅವರು ತೆಗೆದುಹಾಕಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಆಸಾಮಿ ಪತ್ತೆಯಿಲ್ಲ. ಸಿಗ್ರುನ್ ಅದನ್ನು 'ಬೇಕೇಬೇಕು' ಎಂಬ ಪಟ್ಟಿಯಲ್ಲಲ್ಲ, 'ಇದ್ದರೆ ಒಳ್ಳೆಯದು' ಎಂಬ ಪಟ್ಟಿಯಲ್ಲಿ ಹಾಕಿದ್ದಳು. ಹಾಗೆ ಹಾಕಿದ ಮೇಲೆ ಅದಿಲ್ಲದೆಯೂ ಪ್ಯಾಕೇಜು ಓಡಬೇಕೆಂಬುದು ನಿಯಮ. ಇವಳದು ಅರ್ಧಕ್ಕೇ ನಿಲ್ಲುತ್ತಿತ್ತು. ಹದಿನಾಲ್ಕು ದಿನದಲ್ಲಿ ಸರಿಯಾಗದಿದ್ದರೆ ಇವಳದನ್ನೂ ತೆಗೆಯುತ್ತಾರೆ.

"ಆ ಲೆಕ್ಕಾನ ನೀನೇ ಬರ್ದುಬಿಡು ಮಾರಾಯ್ತಿ," ಎಂದೆ.

"ಆರು ತಿಂಗಳ ಕೆಲ್ಸ ಕಣೋ ಬಾಲ್ಡರ್. ಹದಿನಾಲ್ಕು ದಿನದಲ್ಲಿ ನಿಮ್ಮಪ್ಪ ಬರೀತಾನಾ?"

ಊಟ ಬಿಟ್ಟಳು, ಮಾತು ಬಿಟ್ಟಳು. ಹದಿಮೂರನೆಯ ದಿನ, ನಮ್ಮ ಕಸುಬಿನವರೆಲ್ಲ ಮಾಡುವುದನ್ನೇ ಮಾಡಿದಳು: ನೆರವಿನ ಪ್ಯಾಕೇಜು ಇದೆಯೇ ನೋಡು, ಇಲ್ಲದಿದ್ದರೆ ಆ ಹೆಜ್ಜೆಯನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು. ಭಂಡಾರದ ಪರೀಕ್ಷೆಗಳೂ ಆ ಭಾಗವನ್ನು ಹಾರಿಸಿಕೊಂಡು ಹೋದವು, ಒಂದೂ ತಪ್ಪಿಲ್ಲ. ಭಂಡಾರದವರು ಒಪ್ಪಿದರು. ಅವಳು ಅತ್ತೇಬಿಟ್ಟಳು. ನಾನು, ದಡ್ಡ ಶಿಖಾಮಣಿ, ಕೇಕು ತಂದು ಹಂಚಿದೆ.

ಮೇ ತಿಂಗಳಲ್ಲಿ ಅವಳ ಅಣ್ಣ ಐನಾರ್ ಕಚೇರಿಗೆ ನುಗ್ಗಿದ. ನಲವತ್ತು ವರ್ಷದಿಂದ ಮೀನು ಹಿಡಿಯುವವನು. ಆ ಪ್ಯಾಕೇಜಿನ ಅಂದಾಜು ನೋಡಿ ಯಾರು ಎಷ್ಟು ಮೀನು ಹಿಡಿಯಬಹುದೆಂದು ಗೊತ್ತುಮಾಡುವ ಸಮಿತಿಯವರು ಎಲ್ಲರ ಪಾಲನ್ನೂ ಅರ್ಧಕ್ಕಿಳಿಸಿದ್ದರು.

"ಸರೋವರದಲ್ಲಿ ಮರಿಗಳೇ ಇಲ್ವಂತಲ್ಲೇ ಸಿಗ್ಗಾ? ದೋಣಿ ಪಕ್ಕ ನೀರೇ ಕಾಣಲ್ಲ, ಅಷ್ಟು ಮರಿ. ಬಲೆ ಕಣ್ಣಲ್ಲಿ ನುಸುಳ್ಕೊಂಡು ಹೋಗ್ತವೆ ಅಷ್ಟೆ."

ನುಸುಳಿಹೋಗುವ ಮರಿಗಳನ್ನು ಅಂದಾಜಿಗೆ ಸೇರಿಸುವುದೇ ಬಿಟ್ಟುಹೋದ ಆ ಹೆಜ್ಜೆ. ಅದನ್ನು ಬಿಡಲಾಗಿದೆಯೆಂದು ಸಿಗ್ರುನ್ ಒಂದು ಸಾಲಿನ ಎಚ್ಚರಿಕೆಯನ್ನಾದರೂ ಬರೆದಿದ್ದರೆ ಯಾರಾದರೂ ಓದುತ್ತಿದ್ದರು. ಪರೀಕ್ಷೆಯವರು ಅದಕ್ಕೂ ತಕರಾರು ತೆಗೆದಾರೆಂಬ ಹೆದರಿಕೆಗೆ ಅದನ್ನೂ ಬರೆದಿರಲಿಲ್ಲ.

ಅಣ್ಣನ ಎದುರಿಗೇ ಕುಳಿತು ಭಂಡಾರಕ್ಕೆ ಬರೆದಳು: ನನ್ನ ಪ್ಯಾಕೇಜು ಸುಳ್ಳು ಹೇಳುತ್ತಿದೆ, ದಯವಿಟ್ಟು ಇಂದೇ ತೆಗೆದುಹಾಕಿ. ಸಮಿತಿಗೂ ಬರೆದಳು.

"ಹಂಗಾರೆ ನನ್ನ ಪಾಲು ವಾಪಸ್ ಬರತ್ತಾ?" ಐನಾರ್ ಕೇಳಿದ.

"ಸಮಿತಿ ಆದೇಶಕ್ಕೆ ಸಹಿ ಆಗೋಗಿದೆ ಅಣ್ಣಾ. ಈ ವರ್ಷ ಇಲ್ಲ."

"ಮುಂದಿನ ವರ್ಷ ನನ್ಹತ್ರ ದೋಣಿ ಇರಲ್ಲ ಕಣೆ," ಎಂದು ಅವನು ಹೊರಗೆ ಹೋದ.